ಟೇಪು ಸುತ್ತಿದ ವೈರನ್ನು ಕೆಲಸದವರ ಕೈಗೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಕರೆಂಟ್ ಹೊಡೆದು ಸತ್ತವರ ಸುದ್ದಿ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತಲೇ ಇರುತ್ತದೆ. ಹರಿದು ಬಿದ್ದ ಲೈನ್ ತುಳಿದವರು, ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿದವರು. ಅವುಗಳ ನಡುವೆ ನಾಲ್ಕು ಸಾಲಿನ ಸುದ್ದಿಯೊಂದು ಇರುತ್ತದೆ: ಕಟ್ಟಡ ಕೆಲಸ ಮಾಡುವಾಗ ಯಂತ್ರದಿಂದ ವಿದ್ಯುತ್ ತಗುಲಿ ಕಾರ್ಮಿಕ ಸಾವು. ಲೈನ್ ಹರಿದು ಬಿದ್ದರೆ ಯಾರನ್ನು ಕೇಳಬೇಕು ಅಂತ ಊರಿಗೆಲ್ಲಾ ಗೊತ್ತು. ಈ ನಾಲ್ಕು ಸಾಲಿನ ಸಾವಿಗೆ ಯಾರನ್ನು ಕೇಳಬೇಕು? ನನಗೆ ಗೊತ್ತಿರುವ ಮಟ್ಟಿಗೆ ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪ್ರಕಟಿಸಿ.

ದಾವಣಗೆರೆಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಅಪ್ಪನ ಕಾಲದಲ್ಲಿ ಪಂಪ್‌ಸೆಟ್ ಮೋಟಾರ್‌ಗಳೇ ಬರುತ್ತಿದ್ದವು. ಈಗ ಅರ್ಧಕ್ಕರ್ಧ ಕೈಯಲ್ಲಿ ಹಿಡಿದು ಕೆಲಸ ಮಾಡುವ ಮಷಿನ್‌ಗಳು. ಡ್ರಿಲ್, ನಾಲ್ಕು ಇಂಚಿನ ಗ್ರೈಂಡರ್, ಮಾರ್ಬಲ್ ಕಟರ್, ಗೋಡೆ ಒಡೆಯುವ ಬ್ರೇಕರ್. ತಂದವರು ಸಾಮಾನ್ಯವಾಗಿ ಹೇಳುವುದು "ಕಾರ್ಬನ್ ಹೋಗಿದೆ ನೋಡಿ" ಅಂತ, ಅಂದರೆ ಮೋಟಾರ್ ಒಳಗೆ ಕರೆಂಟ್ ದಾಟಿಸುವ, ಸವೆಯುವ ಪುಟ್ಟ ತುಂಡು. ನಾನು ಮೊದಲು ಕೈ ಹಾಕುವುದು ಕಾರ್ಬನ್‌ಗಲ್ಲ, ವೈರಿಗೆ. ಮಷಿನ್ ಕಡೆಯಿಂದ ಶುರು ಮಾಡಿ ಪ್ಲಗ್ ಟಾಪ್‌ವರೆಗೆ ಬೆರಳಲ್ಲಿ ಸವರಿಕೊಂಡು ಹೋಗುತ್ತೇನೆ. ಎಲ್ಲಿ ಮೆತ್ತಗಾಗಿದೆ, ಎಲ್ಲಿ ಉಬ್ಬಿದೆ, ಎಲ್ಲಿ ಒಳಗಿನ ಬಣ್ಣದ ವೈರ್ ಇಣುಕುತ್ತಿದೆ ಎಲ್ಲಾ ಗೊತ್ತಾಗುತ್ತದೆ. ಯಾವ ಮೀಟರೂ ಬೇಡ.

ವೈರ್ ಮಧ್ಯದಲ್ಲಿ ತಾನಾಗಿ ಕೆಡುವುದು ಕಡಿಮೆ. ಕೆಡುವುದು ಎರಡು ತುದಿಗಳಲ್ಲಿ: ಮಷಿನ್ ಒಳಗೆ ಹೋಗುವ ಜಾಗ ಮತ್ತು ಪ್ಲಗ್ ಟಾಪ್‌ನ ಬುಡ. ಹಿಡಿಯ ಹಿಂದೆ ಕರಿ ರಬ್ಬರಿನ ಕೊಳವೆಯಂಥದ್ದು ಇರುತ್ತದಲ್ಲ, ವೈರ್ ಒಂದೇ ಜಾಗದಲ್ಲಿ ಮಡಚಿಕೊಳ್ಳದಿರಲಿ ಅಂತ ಅದನ್ನು ಹಾಕಿರುತ್ತಾರೆ. ಅದು ಕಿತ್ತುಹೋದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವೈರ್ ಹಿಡಿದೇ ಮಷಿನನ್ನು ಮಹಡಿಗೆ ಎಳೆದುಕೊಳ್ಳುತ್ತಾರೆ. ವೈರ್ ಹಿಡಿದೇ ಪ್ಲಗ್ ಕೀಳುತ್ತಾರೆ. ಸಂಜೆ ಅದೇ ವೈರನ್ನು ಮಷಿನ್‌ಗೆ ಬಿಗಿಯಾಗಿ ಸುತ್ತಿ ಚೀಲಕ್ಕೆ ತುಂಬುತ್ತಾರೆ. ಒಳಗಿನ ತಾಮ್ರದ ಎಳೆಗಳು ಒಂದೊಂದೇ ತುಂಡಾಗುತ್ತಾ ಬರುತ್ತವೆ. ಕೊನೆಗೆ ನಾಲ್ಕೈದು ಎಳೆ ಉಳಿದಿರುತ್ತವೆ, ಅಷ್ಟೂ ಕರೆಂಟ್ ಅವುಗಳಲ್ಲೇ ಹರಿಯಬೇಕು. ಆ ಜಾಗ ಕಾಯುತ್ತದೆ, ಮೇಲಿನ ಪಿವಿಸಿ ಮೆತ್ತಗಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ವೈರ್ ಸ್ವಲ್ಪ ಸೊಟ್ಟ ಹಿಡಿದರೆ ಮಷಿನ್ ಓಡುತ್ತದೆ, ನೆಟ್ಟಗೆ ಮಾಡಿದರೆ ನಿಲ್ಲುತ್ತದೆ.

ಈ ಹಂತದಲ್ಲೇ ರಿಪೇರಿಗೆ ತಂದರೆ ಎಷ್ಟೋ ವಾಸಿ. ಆದರೆ ಕೆಲಸದವರು ಇದಕ್ಕೂ ಒಗ್ಗಿಕೊಂಡುಬಿಡುತ್ತಾರೆ. ಒಂದು ಕೈಯಲ್ಲಿ ವೈರ್ ಸೊಟ್ಟ ಹಿಡಿದುಕೊಂಡೇ ಗ್ರೈಂಡಿಂಗ್ ಮಾಡುವವರನ್ನು ನಾನು ನೋಡಿದ್ದೇನೆ. ಗ್ರೈಂಡರ್ ಸ್ವಿಚ್ ಆನ್‌ನಲ್ಲೇ ಲಾಕ್ ಆಗಿರುತ್ತದೆ. ಮಷಿನ್ ನಿಂತಿದೆ ಅಂತ ಸಡಿಲವಾಗಿ ಹಿಡಿದಾಗ ವೈರ್ ಅಲ್ಲಾಡಿ ದಿಢೀರ್ ಅಂತ ಓಡಿಬಿಟ್ಟರೆ ಏನು ಗತಿ? ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಕರೆಂಟ್ ಹೊಡೆಯುವ ಮಾತು ಹಾಗಿರಲಿ, ಮೊದಲು ಬೆರಳೇ ಹೋಗುತ್ತದೆ.

ಈಚೆಗೆ ಅಂಗಡಿಗೆ ಬಂದ ಒಂದು ಮಾರ್ಬಲ್ ಕಟರ್ ವಿಷಯ ಹೇಳಲೇಬೇಕು. ತಂದವನು ಹರಪನಹಳ್ಳಿ ಕಡೆಯ ಹುಡುಗ, ಇಪ್ಪತ್ತರ ಆಸುಪಾಸು ಇರಬಹುದು. ಟೈಲ್ಸ್ ಕೆಲಸ. ವೈರಿನಲ್ಲಿ ಮೂರು ಕಡೆ ಜಾಯಿಂಟ್ ಇತ್ತು. ಒಂದು ಜಾಯಿಂಟ್ ಬಿಚ್ಚಿದೆ. ಟೇಪಿನ ಅಂಟು ಕರಗಿ ಹೊರಗೆ ಬಂದು, ಅದಕ್ಕೆ ಟೈಲ್ಸ್ ಧೂಳು ಮೆತ್ತಿ ಗಟ್ಟಿಯಾಗಿತ್ತು. ಒಳಗೆ ಫೇಸ್ (ಕರೆಂಟ್ ಬರುವ ವೈರ್) ಮತ್ತು ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್) ಎರಡನ್ನೂ ಒಂದೇ ಜಾಗದಲ್ಲಿ ತಿರುಚಿ ಪಕ್ಕಪಕ್ಕ ಇಟ್ಟಿದ್ದರು. ನಡುವೆ ಅಡ್ಡವಾಗಿ ಹಾಲಿನ ಪ್ಯಾಕೆಟ್ಟಿನ ಒಂದು ತುಂಡು. ತಾಮ್ರ ಹಸಿರುಗಟ್ಟಿತ್ತು, ಅಂದರೆ ನೀರು ಒಳಗೆ ಹೋಗಿ ಬಹಳ ದಿನವಾಗಿದೆ. ಇನ್ನೊಂದು ತುದಿಗೆ ಪ್ಲಗ್ಗೇ ಇಲ್ಲ. ಎರಡು ಬೆತ್ತಲೆ ವೈರ್, ತುದಿ ಸುಟ್ಟು ಕಪ್ಪಾಗಿವೆ.

"ಹೆಂಗೆ ಹಾಕ್ತೀಯಪ್ಪಾ ಇದನ್ನ?" ಅಂದೆ. "ಬೆಂಕಿಕಡ್ಡಿ ಸಿಗಿಸ್ತೀನಿ ಅಣ್ಣಾ" ಅಂದ.

ಬೇಗ ಹೇಳಿ ಮುಗಿಸಿದ, ಆದರೆ ಅವನು ಮಾಡುವುದೇನು ಅಂತ ಬಿಡಿಸಿ ನೋಡಿ. ಈಗಿನ ಸಾಕೆಟ್‌ಗಳಲ್ಲಿ ಕೆಳಗಿನ ಎರಡು ತೂತಿಗೆ ಒಳಗಡೆ ಮುಚ್ಚಳ ಇರುತ್ತದೆ. ಮೇಲಿನ ದಪ್ಪ ಪಿನ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಕಳಿಸುವ ಅರ್ಥಿಂಗ್ ಪಿನ್, ಒಳಗೆ ಹೋದರೆ ಮಾತ್ರ ಆ ಮುಚ್ಚಳ ತೆರೆಯುತ್ತದೆ. ಮಕ್ಕಳು ಕಡ್ಡಿ ಚುಚ್ಚದಿರಲಿ ಅಂತ ಮಾಡಿದ ವ್ಯವಸ್ಥೆ ಅದು. ಅರ್ಥಿಂಗ್ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದೂ ಸುಮ್ನೆ ಅಲ್ಲ. ಪ್ಲಗ್ ಹಾಕುವಾಗ ಎಲ್ಲಕ್ಕಿಂತ ಮೊದಲು ಅರ್ಥಿಂಗ್ ಕೂಡಬೇಕು, ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಈ ಹುಡುಗ ಅರ್ಥಿಂಗ್ ತೂತಿಗೆ ಒಂದು ಕಡ್ಡಿ ತುರುಕಿ ಮುಚ್ಚಳ ತೆರೆಯುತ್ತಾನೆ. ಬೆತ್ತಲೆ ವೈರನ್ನು ಬೆರಳಲ್ಲಿ ಹಿಡಿದು 230 ವೋಲ್ಟ್ ಇರುವ ತೂತಿಗೆ ಚುಚ್ಚುತ್ತಾನೆ. ಬೀಳದಿರಲಿ ಅಂತ ಬೆಂಕಿಕಡ್ಡಿ ಸಿಗಿಸುತ್ತಾನೆ. ಯಾರಾದರೂ ವೈರ್ ಎಡವಿದರೆ ಅದು ಕಿತ್ತು ಬಂದು ನೆಲದ ಮೇಲೆ, ಒದ್ದೆಯ ಮೇಲೆ ಬೀಳುತ್ತದೆ.

ಒದ್ದೆ ಇದ್ದೇ ಇರುತ್ತದೆ. ಕಲ್ಲು, ಟೈಲ್ಸ್ ಕತ್ತರಿಸುವಾಗ ಧೂಳು ಏಳದಿರಲಿ, ಬ್ಲೇಡ್ ಕಾಯದಿರಲಿ ಅಂತ ನೀರು ಬಿಡುತ್ತಾರೆ. ಒಬ್ಬ ಕತ್ತರಿಸುತ್ತಾ ಹೋದ ಹಾಗೆ ಇನ್ನೊಬ್ಬ ಮುಚ್ಚಳಕ್ಕೆ ತೂತು ಮಾಡಿದ ನೀರಿನ ಬಾಟಲಿ ಹಿಂಡುತ್ತಾ ಇರುತ್ತಾನೆ. ನಿಮ್ಮ ಮನೆಯಲ್ಲೂ ನೋಡಿರುತ್ತೀರಿ. ಆ ನೀರು ಹರಿದು ಟೇಪಿನ ಜಾಯಿಂಟ್‌ಗಳ ಹತ್ತಿರವೇ ಬಂದು ನಿಲ್ಲುತ್ತದೆ. ಇಬ್ಬರಿಗೂ ಬರಿಗಾಲು.

ವೈರ್ ಪೂರ್ತಿ ಬದಲಾಯಿಸೋಣ ಅಂದೆ. ಹುಡುಗ ಒಪ್ಪಲಿಲ್ಲ. "ಬ್ಯಾಡ ಅಣ್ಣಾ, ಮೇಸ್ತ್ರಿ ನನ್ನ ಕೂಲೀಲಿ ಮುರ್ಕೊಂತಾನೆ. ಟೇಪ್ ಸುತ್ತಿ ಕೊಟ್ಬಿಡ್ರಿ" ಅಂದ. ಈ ಪತ್ರ ಬರೆಯಲು ಕಾರಣ ಈ ಮಾತೇ. ಒಳ್ಳೆಯ ಎರಡು ಕೋರ್ ವೈರ್ (ಒಂದೇ ಕವಚದೊಳಗೆ ಎರಡು ವೈರ್ ಇರುವಂಥದ್ದು) ಮೂರು ಮೀಟರ್, ಪ್ಲಗ್ ಟಾಪ್, ನನ್ನ ಕೂಲಿ ಎಲ್ಲಾ ಸೇರಿ 300 ರೂಪಾಯಿ ಆಸುಪಾಸು. ಮಷಿನ್ ಮೇಸ್ತ್ರಿಯದು, ದುಡಿಮೆ ಮೇಸ್ತ್ರಿಯದು, ವೈರಿನ ಖರ್ಚು ಮಾತ್ರ ಅದನ್ನು ಹಿಡಿದು ಕೆಲಸ ಮಾಡುವವನದು ಅಂದರೆ ಆ ವೈರ್ ಎಂದಾದರೂ ಬದಲಾಗುತ್ತದಾ? ಕೆಲಸದವರಿಗೆ ಬುದ್ಧಿ ಇಲ್ಲ, ನಿರ್ಲಕ್ಷ್ಯ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗನಿಗೆ ಅದು ಅಪಾಯ ಅಂತ ಚೆನ್ನಾಗಿ ಗೊತ್ತಿತ್ತು. ಅವನ ಕೈಯಲ್ಲಿ ಇಲ್ಲದ್ದು ತೀರ್ಮಾನ.

ಮೇಸ್ತ್ರಿಗೆ ಫೋನ್ ಮಾಡಿದೆ. ಟೇಪು ಸುತ್ತಿ ಕೊಡಲ್ಲ, ಬೇಕಾದರೆ ಹಾಗೇ ಬಿಚ್ಚಿದ ಮಷಿನ್ ತಗೊಂಡು ಹೋಗಿ ಅಂದೆ. ಸ್ವಲ್ಪ ಹೊತ್ತು ಜೋರು ಮಾಡಿದರು. "ಇಷ್ಟು ದಿನ ಏನೂ ಆಗಿಲ್ವಲ್ಲ. ಬೋರ್ಡಲ್ಲಿ ಎಂಸಿಬಿ ಐತೆ, ಏನಾದ್ರೂ ಆದ್ರೆ ಅದೇ ಬೀಳುತ್ತೆ" ಅಂದರು. ಕೊನೆಗೆ ದುಡ್ಡು ಅವರೇ ಕೊಟ್ಟರು.

ಎಂಸಿಬಿ ಬೀಳುತ್ತೆ ಅನ್ನುವ ನಂಬಿಕೆ ಬರೀ ಆ ಮೇಸ್ತ್ರಿಯದಲ್ಲ. ಇಂಜಿನಿಯರ್ ಓದಿದವರೂ ಹೀಗೆ ಹೇಳಿದ್ದನ್ನು ಕೇಳಿದ್ದೇನೆ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್, ಇರುವುದು ಗೋಡೆಯೊಳಗಿನ ವೈರ್ ಸುಡದಿರಲಿ ಅಂತ. 16 ಆಂಪಿಯರ್ ಎಂಸಿಬಿ ಅಂದರೆ 16 ಆಂಪಿಯರ್ ಹರಿಯುವವರೆಗೂ ಅದು ಬೀಳುವುದಿಲ್ಲ. ಮನುಷ್ಯನ ಮೈಯಲ್ಲಿ 10 ಮಿಲಿಆಂಪಿಯರ್ (ಒಂದು ಆಂಪಿಯರ್‌ನ ಸಾವಿರದಲ್ಲಿ ಒಂದು ಪಾಲು ಒಂದು ಮಿಲಿಆಂಪಿಯರ್) ಆಸುಪಾಸು ಹರಿದರೇ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡುವುದು ಕಷ್ಟವಾಗುತ್ತದೆ. 30 ಮಿಲಿಆಂಪಿಯರ್ ದಾಟಿದರೆ ಎದೆಬಡಿತಕ್ಕೇ ಅಪಾಯ. 30 ಮಿಲಿಆಂಪಿಯರ್ ಅಂದರೆ 16 ಆಂಪಿಯರ್‌ನ ಐನೂರರಲ್ಲಿ ಒಂದು ಪಾಲೂ ಅಲ್ಲ. ಕೆಲಸದವನು ಒದ್ದಾಡುತ್ತಿದ್ದರೂ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಅದನ್ನು ಗುರುತಿಸುವುದು ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರುತ್ತಿದೆಯಾ ಅಂತ ಅದು ನೋಡುತ್ತಿರುತ್ತದೆ. ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಯಾರದೋ ಮೈ ಮೂಲಕವೋ ಒದ್ದೆ ನೆಲದ ಮೂಲಕವೋ ಭೂಮಿಗೆ ಸೋರುತ್ತಿದೆ ಅಂತ ಅರ್ಥ. ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ. ತಗೊಳ್ಳುವಾಗ 30 ಮಿಲಿಆಂಪಿಯರ್‌ನದೇ ಕೇಳಿ. ಪದೇ ಪದೇ ಬೀಳುತ್ತೆ ಅಂತ ಕೆಲವು ಎಲೆಕ್ಟ್ರಿಷಿಯನ್‌ಗಳು 100 ಅಥವಾ 300ರದ್ದು ಹಾಕುತ್ತಾರೆ. 300ರದ್ದು ಬೆಂಕಿ ತಡೆಯುವುದಕ್ಕೆ ಸರಿ, ಕೈಯಲ್ಲಿ ಮಷಿನ್ ಹಿಡಿದವನನ್ನು ಉಳಿಸುವುದಕ್ಕೆ ಸಾಲದು. ಪದೇ ಪದೇ ಬೀಳುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅಲ್ವಾ? ಅದನ್ನು ಹುಡುಕಬೇಕು, ಆರ್‌ಸಿಸಿಬಿಯನ್ನು ಬೈಪಾಸ್ ಮಾಡಬಾರದು. ಅದರ ಮೇಲೆ 'ಟಿ' ಅಂತ ಒಂದು ಚಿಕ್ಕ ಬಟನ್ ಇರುತ್ತದೆ. ಒತ್ತಿದರೆ ಪಟ್ ಅಂತ ಬೀಳಬೇಕು. ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಆರ್‌ಸಿಸಿಬಿಯೂ ಉಳಿಸಲಾರದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹಾಗಾಗಿ ಅದು ಇದೆ ಅಂತ ಹರಿದ ವೈರ್ ಇಟ್ಟುಕೊಳ್ಳುವ ಹಾಗಿಲ್ಲ.

"ನಮ್ಮದು ಡಬಲ್ ಇನ್ಸುಲೇಷನ್ ಮಷಿನ್, ಶಾಕ್ ಹೊಡೆಯಲ್ಲ" ಅನ್ನುವವರೂ ಇದ್ದಾರೆ. ಮಷಿನ್‌ನ ತಗಡಿನ ಮೇಲೆ ಚೌಕದೊಳಗೊಂದು ಚೌಕದ ಗುರುತಿದ್ದರೆ ಅದು ಡಬಲ್ ಇನ್ಸುಲೇಷನ್, ಅಂದರೆ ಕರೆಂಟ್ ಮೈಗೆ ಬಾರದಂತೆ ಎರಡು ಪದರದ ರಕ್ಷಣೆ, ನಿಜ. ಅದಕ್ಕೇ ಅವುಗಳಿಗೆ ಅರ್ಥಿಂಗ್ ವೈರ್ ಇರುವುದಿಲ್ಲ, ಎರಡೇ ಕೋರ್. ಆದರೆ ಆ ರಕ್ಷಣೆ ಮಷಿನ್‌ನ ಮೈಗೆ ಮಾತ್ರ. ನೆಲದಲ್ಲಿ ಹರಿದು ಬಿದ್ದಿರುವ ವೈರಿಗೆ ಡಬಲ್ಲೂ ಇಲ್ಲ, ಸಿಂಗಲ್ಲೂ ಇಲ್ಲ. ಇನ್ನು ಕಾಂಕ್ರೀಟ್ ವೈಬ್ರೇಟರ್, ಬೆಂಚ್ ಗ್ರೈಂಡರ್, ನೀರಿನ ಮೋಟಾರ್ ಇಂಥ ಕಬ್ಬಿಣದ ಮೈಯವಕ್ಕೆ ಮೂರು ಕೋರ್ ವೈರ್, ಅರ್ಥಿಂಗ್ ಬೇಕೇ ಬೇಕು. ಅರ್ಥಿಂಗ್ ಸಿಗಲಿಲ್ಲ ಅಂತ ಆ ವೈರನ್ನು ನ್ಯೂಟ್ರಲ್‌ಗೇ ಸೇರಿಸುವ ಕೆಟ್ಟ ಅಭ್ಯಾಸ ಒಂದಿದೆ. ನ್ಯೂಟ್ರಲ್ ಎಲ್ಲಾದರೂ ಕಿತ್ತಿತು ಅನ್ನಿ, ಮಷಿನ್‌ನ ಇಡೀ ಮೈಗೆ ಕರೆಂಟ್ ಬರುತ್ತದೆ.

ವೈರ್ ಸರಿಯಾಗಿ ಹಾಕುವುದು ದೊಡ್ಡ ವಿದ್ಯೆಯಲ್ಲ, ಆದರೆ ಅದಕ್ಕೊಂದು ರೀತಿ ಇದೆ. ತುದಿಯಲ್ಲಿ ಕೆಟ್ಟಿದ್ದರೆ ಕೆಟ್ಟ ಜಾಗಕ್ಕಿಂತ ನಾಲ್ಕು ಬೆರಳು ಆಚೆ, ತಾಮ್ರ ಹೊಳೆಯುವಲ್ಲಿಗೆ ಕತ್ತರಿಸಬೇಕು. ನಡುವೆ ಕೆಟ್ಟಿದ್ದರೆ ಜಾಯಿಂಟ್ ಬೇಡ, ಪೂರ್ತಿ ಹೊಸದು ಹಾಕಿ. ಮಷಿನ್ ಒಳಗೆ ಎರಡು ಸ್ಕ್ರೂ ಇರುವ ಪುಟ್ಟ ಕ್ಲಾಂಪ್ ಇರುತ್ತದೆ. ಅದು ವೈರಿನ ಹೊರಗಿನ ದಪ್ಪ ಕವಚವನ್ನು ಹಿಡಿಯಬೇಕು, ಒಳಗಿನ ಸಣ್ಣ ವೈರ್‌ಗಳನ್ನಲ್ಲ. ಪ್ಲಗ್ ಟಾಪ್‌ನಲ್ಲೂ ಅಷ್ಟೇ. ಯಾರಾದರೂ ಎಳೆದರೆ ಜಗ್ಗುವುದು ಕವಚದ ಮೇಲೆ ಬೀಳಬೇಕು. ಮೂರು ಕೋರ್ ಆದರೆ ಹಸಿರು ವೈರನ್ನು ಸ್ವಲ್ಪ ಉದ್ದ ಬಿಡಿ. ಕಿತ್ತುಬಂದರೂ ಅರ್ಥಿಂಗ್ ಕೊನೆಗೆ ಕೀಳಲಿ. ಎಳೆಗಳನ್ನು ಚೆನ್ನಾಗಿ ತಿರುಚಿ ಸ್ಕ್ರೂ ಕೆಳಗೆ ಕೂರಿಸಿ. ಗಟ್ಟಿ ಇರಲಿ ಅಂತ ತುದಿಗೆ ಸೀಸ ಹಾಕುವವರಿದ್ದಾರೆ, ಅದು ಬೇಡ. ಬಿಗಿ ಮಾಡಿದ ಸ್ಕ್ರೂ ಕೆಳಗೆ ಸೀಸ ದಿನ ಕಳೆದಂತೆ ಜರುಗಿ ಸಡಿಲವಾಗುತ್ತದೆ, ಸಡಿಲವಾದದ್ದು ಕಾಯುತ್ತದೆ. ಬಣ್ಣದ ಬಗ್ಗೆಯೂ ಎಚ್ಚರ. ಹಳೆಯ ವೈರಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಮಷಿನ್‌ಗಳ ವೈರಿನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಇದ್ದದ್ದು ಅರ್ಥ್. ಗೊಂದಲದಲ್ಲಿ ಹಸಿರನ್ನು ಫೇಸ್ ಪಿನ್‌ಗೆ ಕೊಟ್ಟರೆ ಪ್ಲಗ್ ಹಾಕಿದ ಕೂಡಲೇ ಮಷಿನ್‌ನ ಮೈಗೆ ಕರೆಂಟ್ ಬರುತ್ತದೆ. ಮಷಿನ್ ಸ್ವಿಚ್ ಆಫ್ ಇದ್ದರೂ ಬರುತ್ತದೆ.

ವೈರಿನ ಜೊತೆಗೇ ಅಚ್ಚು ಹಾಕಿದ, ಬಿಚ್ಚಲು ಬಾರದ ಪ್ಲಗ್ ಕೆಟ್ಟರೆ ಕತ್ತರಿಸಿ ಎಸೆಯಿರಿ, ಆದರೆ ಪಿನ್‌ಗಳನ್ನು ಸುತ್ತಿಗೆಯಲ್ಲಿ ಬಗ್ಗಿಸಿ ಎಸೆಯಿರಿ. ಒಂದು ಗೇಣು ವೈರ್ ಇರುವ ಕತ್ತರಿಸಿದ ಪ್ಲಗ್ ಮಕ್ಕಳ ಕೈಗೆ ಸಿಕ್ಕರೆ ಸಾಕೆಟ್‌ಗೆ ಹಾಕಿ ನೋಡುತ್ತಾರೆ. ಹೊಸ ಪ್ಲಗ್ ಟಾಪ್ ತಗೊಳ್ಳುವಾಗ ಐಎಸ್‌ಐ ಗುರುತು, ಐಎಸ್ 1293 ಅನ್ನುವ ನಂಬರ್ ನೋಡಿ. 6 ಆಂಪಿಯರ್ ಪ್ಲಗ್ 1,380 ವ್ಯಾಟ್‌ವರೆಗೆ ತಡೆದುಕೊಳ್ಳುತ್ತದೆ. ದೊಡ್ಡ ಬ್ರೇಕರ್, 14 ಇಂಚಿನ ಕಟ್‌ಆಫ್ ಮಷಿನ್ ಇದಕ್ಕಿಂತ ಜಾಸ್ತಿ ಎಳೆಯುತ್ತವೆ, ಅವಕ್ಕೆ 16 ಆಂಪಿಯರ್‌ನದೇ ಬೇಕು. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಇಂಥ ಮಷಿನ್ ಓಡಿಸಬೇಡಿ, ಪೂರ್ತಿ ಬಿಚ್ಚಿಡಿ. ಸುರುಳಿಯಲ್ಲಿ ಶಾಖ ಹೊರಗೆ ಹೋಗಲು ಜಾಗ ಇಲ್ಲದೆ ವೈರ್ ಒಳಗೊಳಗೇ ಬೇಯುತ್ತದೆ.

ಬ್ರಿಟನ್ನಿನಲ್ಲಿ ಕಟ್ಟಡದ ಜಾಗಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು 110 ವೋಲ್ಟ್ ಮಷಿನ್‌ಗಳನ್ನು ಬಳಸುವುದು ವಾಡಿಕೆ. ಅದರ ವ್ಯವಸ್ಥೆ ಹೇಗಿದೆಯೆಂದರೆ ಯಾವ ವೈರ್ ಮುಟ್ಟಿದರೂ ನೆಲಕ್ಕೂ ಅದಕ್ಕೂ 55 ವೋಲ್ಟ್ ಅಷ್ಟೇ. ಹಳದಿ ಪ್ಲಗ್, ಬೇರೆ ಸಾಕೆಟ್‌ಗೆ ಹೋಗುವುದೇ ಇಲ್ಲ. ನಾಳೆಯೇ ಇಲ್ಲಿ ಹಾಗಾಗಲಿ ಅಂತ ನಾನು ಕೇಳುತ್ತಿಲ್ಲ. ಮಷಿನ್‌ಗಳನ್ನೇ ಬದಲಿಸಬೇಕಾಗುತ್ತದೆ. ಆದರೆ ಒಂದು ಆರ್‌ಸಿಸಿಬಿ, ಒಂದು ಹೊಸ ವೈರ್ ಕೇಳುವುದು ದೊಡ್ಡ ಮಾತೇನಲ್ಲ.

ಮೊದಲು ಕೇಳುವುದು ಮನೆ ಕಟ್ಟಿಸುವವರನ್ನು. ನೀವು ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತೀರಿ. ಸಿಮೆಂಟ್ ಚೀಲದ ಮೇಲಿನ ತಾರೀಖು ನೋಡುತ್ತೀರಿ. ಕೆಲಸದವರು ಬಂದ ದಿನ ಅವರ ಮಷಿನ್‌ನ ವೈರನ್ನೂ ಒಮ್ಮೆ ನೋಡಿ. ಪ್ಲಗ್ ಇಲ್ಲದ ಮಷಿನ್ ನಮ್ಮನೆಯಲ್ಲಿ ಓಡಿಸಬೇಡಿ ಅಂತ ಮೇಸ್ತ್ರಿಗೆ ಹೇಳಿ, ಕೆಲಸದವನಿಗಲ್ಲ. ದುಡ್ಡು ಕೊಡುವವರು ನೀವು, ನಿಮ್ಮ ಮಾತು ಅವರು ಕೇಳುತ್ತಾರೆ. ಟೆಂಪರರಿ ಮೀಟರ್ ಬೋರ್ಡ್ ಹಾಕಿಸುವಾಗಲೇ ಆರ್‌ಸಿಸಿಬಿ ಹಾಕಿಸಿ. ಎರಡು ಸಾವಿರದ ಆಸುಪಾಸು ಖರ್ಚು. ಕಟ್ಟಡ ಮುಗಿದ ಮೇಲೆ ಅದನ್ನೇ ಮನೆಯ ಬೋರ್ಡ್‌ಗೆ ಕೂರಿಸಬಹುದು.

ಎರಡನೆಯದು, ವಿದ್ಯುತ್ ಕಂಪನಿಗಳು ಮತ್ತು ವಿದ್ಯುತ್ ಪರಿವೀಕ್ಷಣಾಲಯದವರಲ್ಲಿ. ಕಟ್ಟಡ ಕೆಲಸಕ್ಕೆ ತಾತ್ಕಾಲಿಕ ಸಂಪರ್ಕ ಕೊಡಲು ಬಂದಾಗ ಆರ್‌ಸಿಸಿಬಿಯ ಆ ಬಟನ್ ಒತ್ತಿ, ಬಿದ್ದರೆ ಮಾತ್ರ ಮೀಟರ್‌ಗೆ ಲೈನ್ ಕೊಡಿ. ಅರ್ಧ ನಿಮಿಷದ ಕೆಲಸ.

ಮೂರನೆಯದು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ. 1996ರ ಕಾನೂನಿನಿಂದ ಶುರುವಾಗಿ ಕಟ್ಟಡಗಳ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕರ ಹೆಸರಿನಲ್ಲಿ ಸಂಗ್ರಹವಾಗುತ್ತಿದೆ. ಮಂಡಳಿ ಕಾರ್ಮಿಕರಿಗೆ ಟೂಲ್ ಕಿಟ್ ಕೊಟ್ಟದ್ದೂ ಇದೆ, ಒಳ್ಳೆಯ ಕೆಲಸ. ಇನ್ನು ಮುಂದೆ ಕೊಡುವಾಗ ಆರ್‌ಸಿಸಿಬಿ ಕೂರಿಸಿದ ಒಂದು ಗಟ್ಟಿ ಎಕ್ಸ್‌ಟೆನ್ಷನ್ ಬೋರ್ಡನ್ನೂ ಅದರಲ್ಲಿ ಸೇರಿಸಿ. ಬೋರ್ಡ್ ಕೆಲಸದವನದ್ದೇ ಆದರೆ ಯಾವ ಊರಿಗೆ, ಯಾವ ಮೇಸ್ತ್ರಿಯ ಕೈಕೆಳಗೆ ಹೋದರೂ ಅವನ ಜೊತೆಗಿರುತ್ತದೆ.

ಯಾರಿಗಾದರೂ ಕರೆಂಟ್ ಹಿಡಿದುಕೊಂಡರೆ ಓಡಿಹೋಗಿ ಎಳೆಯಬೇಡಿ, ಮೊದಲು ಮೇನ್ ಆಫ್ ಮಾಡಿ. ಅದು ಆಗದಿದ್ದರೆ ಒಣಗಿದ ಮರದ ತುಂಡಿನಲ್ಲಿ ವೈರ್ ಸರಿಸಿ. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಸೈಟಿನಲ್ಲಿರುವ ಎಲ್ಲರಿಗೂ ಕೆಲಸ ಶುರುವಾಗುವ ಮೊದಲೇ ಹೇಳಿಟ್ಟಿರಬೇಕು.

ಕೊನೆಗೆ, ನನ್ನ ಹಾಗೆ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಅಣ್ಣತಮ್ಮಂದಿರಲ್ಲಿ ಒಂದು ಬೇಡಿಕೆ. ಒಬ್ಬರು ಟೇಪು ಸುತ್ತಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅಲ್ಲಿ ಹತ್ತು ರೂಪಾಯಿಗೆ ಸುತ್ತಿ ಕೊಡುತ್ತಾರೆ. ಎಲ್ಲರೂ ಸುತ್ತಲ್ಲ ಅಂದರೆ ಅವನು ಹೋಗುವುದು ಎಲ್ಲಿಗೆ? ನಮ್ಮ ಊರಿನ ವೈಂಡಿಂಗ್ ಅಂಗಡಿಯವರೆಲ್ಲಾ ಒಂದು ದಿನ ಸೇರಿ ಇದನ್ನು ತೀರ್ಮಾನ ಮಾಡೋಣ. ಜಾಗ, ಚಹಾ ನನ್ನ ಅಂಗಡಿಯಲ್ಲಿ.

ಇಂತಿ ನಿಮ್ಮ ಓದುಗ,
ಮೋಟಾರ್ ವೈಂಡಿಂಗ್ ಕೆಲಸಗಾರ, ದಾವಣಗೆರೆ